ಪ್ರತಿ: ಟ್ರಸ್ಟ್‌ಗೆ ಧ್ಯೇಯವಾಕ್ಯ ಬೇಕೇ?

ಊರಿನ ಗ್ರಂಥಾಲಯ ಟ್ರಸ್ಟ್‌ಗೆ ಧ್ಯೇಯವಾಕ್ಯ ಬರೆಯಲೇಬೇಕಾ, ಬರೆದರೆ ಏನು ಲಾಭ ಅಂತ ಕೇಳಿದ್ದೀರಿ. ಬರೆಯಿರಿ, ಆದರೆ ನಿಮ್ಮ ಕರಡಿನಲ್ಲಿರೋ ‘ಸಮಾಜದ ಸರ್ವಾಂಗೀಣ ಅಭಿವೃದ್ಧಿ’ ಬೇಡ. ಅದನ್ನು ಸಹಕಾರಿ ಬ್ಯಾಂಕೂ ಹಾಕಿಕೊಳ್ಳಬಹುದು, ಕಬಡ್ಡಿ ಸಂಘವೂ ಹಾಕಿಕೊಳ್ಳಬಹುದು.

ತಮಿಳುನಾಡಿನ ಮದುರೈನ ಅರವಿಂದ ಕಣ್ಣಾಸ್ಪತ್ರೆ ನೋಡಿ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯಲ್ಲಿ ಶುರು ಮಾಡಿದ್ದು. ಧ್ಯೇಯ: ತಪ್ಪಿಸಬಹುದಾದ ಅಂಧತ್ವವನ್ನು ಇಲ್ಲವಾಗಿಸುವುದು. ‘ತಪ್ಪಿಸಬಹುದಾದ’ ಅನ್ನೋ ಒಂದು ಪದದಲ್ಲೇ ಕೆಲಸದ ದಾರಿ ಇದೆ. ಅಂಥ ಅಂಧತ್ವಕ್ಕೆ ದೊಡ್ಡ ಕಾರಣ ಕಣ್ಣಿನ ಪೊರೆ. ಹಾಗಾಗಿ ಹಳ್ಳಿಗಳಲ್ಲಿ ಶಿಬಿರ, ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಹೊರದೇಶದ ಲೆನ್ಸ್ ದುಬಾರಿಯಾಗಿದ್ದರಿಂದ 1992ರಲ್ಲಿ ಆರೋಲ್ಯಾಬ್ ಅನ್ನೋ ತಯಾರಿಕಾ ಘಟಕ ಕಟ್ಟಿ ತಾವೇ ತಯಾರಿಸತೊಡಗಿದರು.

ನಮ್ಮ ಮಕ್ಕಳ ಓದುಕೂಟದಲ್ಲಿ ನಾಲ್ಕು ಭಾನುವಾರ ಬರೀ ಪದ ತಿದ್ದುತ್ತಾ ಕಳೆದೆವು. ಅಷ್ಟರಲ್ಲಿ ಬರುತ್ತಿದ್ದ ಮಕ್ಕಳು ಚದುರಿಹೋದರು. ಆ ನೋವು ಇನ್ನೂ ಇದೆ. ನೀವು ಒಂದೇ ಸಂಜೆ ಕೂತು ಮುಗಿಸಿ. ಯಾರಿಗೆ, ಏನು, ಅಷ್ಟು ಸಾಕು. ‘ಊರಿನಲ್ಲಿ ಐದನೇ ತರಗತಿ ಮುಗಿಸುವ ಪ್ರತಿ ಮಗುವೂ ತಡವರಿಸದೆ ಕನ್ನಡ ಓದಬೇಕು’ ಅಂತ ಬರೆದಿಟ್ಟರೆ, ದಾನಿಯೊಬ್ಬರು ಕಂಪ್ಯೂಟರ್ ಕೊಡ್ತೀನಿ ಅಂದಾಗ ‘ಬೇಡ ಸಾರ್, ಕಥೆ ಪುಸ್ತಕ ಕೊಡಿ’ ಅನ್ನೋ ಧೈರ್ಯ ಬರುತ್ತೆ. ಟ್ರಸ್ಟ್ ಡೀಡ್‌ನಲ್ಲಿ, ಅಂದರೆ ಟ್ರಸ್ಟ್ ಸ್ಥಾಪನೆಯ ಕಾನೂನು ಪತ್ರದಲ್ಲಿ, ಬರೆಯುವ ಉದ್ದೇಶಗಳು ಬೇರೆ. ಅವನ್ನು ವಕೀಲರ ಹತ್ತಿರ ಕೇಳಿ ವಿಶಾಲವಾಗಿಯೇ ಬರೆಸಿ.