ಸಂಪಾದಕರ ಉತ್ತರ: ಬನ್ನೇರುಘಟ್ಟ ರಸ್ತೆಯಲ್ಲಿ ಸಿಗದ ಸೀಟು

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಪತ್ರದ ಸಾರ ಇಷ್ಟು: ಅವರ ತಂದೆ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಅವರು ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಲೇ ಮ್ಯಾನೇಜ್‌ಮೆಂಟ್ ಕಲಿಸುವ ಐಐಎಂಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಯನ್ನು 2024ರಲ್ಲಿ ಬರೆದರು. 99.1 ಪರ್ಸೆಂಟೈಲ್ ಬಂತು. ಬನ್ನೇರುಘಟ್ಟ ರಸ್ತೆಯಲ್ಲಿರುವ ಬೆಂಗಳೂರಿನ ಐಐಎಂನಿಂದ ಸಂದರ್ಶನದ ಕರೆಯೂ ಬಂತು. ಕೊನೆಗೆ ಹೆಸರು ವೇಟಿಂಗ್ ಲಿಸ್ಟ್ ಸೇರಿತು, ಪಟ್ಟಿ ಅವರವರೆಗೆ ಇಳಿಯಲಿಲ್ಲ. ಹೊರರಾಜ್ಯದ ಹೊಸ ಐಐಎಂ ಒಂದರಲ್ಲಿ ಸೀಟು ಸಿಕ್ಕಿದೆಯಾದರೂ ಅದನ್ನು ಅವರು ‘ಮಿಕ್ಕದ್ದು’ ಎಂದು ಕರೆದಿದ್ದಾರೆ. ಅದನ್ನು ಬಿಟ್ಟು ಮತ್ತೊಂದು ವರ್ಷ ಕೂತು ಓದಲೇ, ‘ನಿನ್ನ ಹಣೆಯಲ್ಲಿ ಬರೆದಿರಲಿಲ್ಲ’ ಎನ್ನುವ ದೊಡ್ಡಪ್ಪನಿಗೆ ಏನು ಹೇಳಲಿ, ‘ನಾನು ಅದಕ್ಕೆ ಯೋಗ್ಯಳಲ್ಲ’ ಎಂಬ ಯೋಚನೆಯನ್ನು ಹೇಗೆ ಬಿಡಲಿ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನೀವು ನನ್ನ ಮಗಳ ವಯಸ್ಸಿನವರು. ಆದರೂ ಪತ್ರದ ಮರ್ಯಾದೆಗೆ ಬಹುವಚನದಲ್ಲೇ ಬರೆಯುತ್ತೇನೆ, ಗದರುವುದು ಬಂದಾಗ ಅದು ನನಗೂ ಅನುಕೂಲ.

ಮೊದಲು ದೊಡ್ಡಪ್ಪನವರ ವಿಷಯ ಮುಗಿಸೋಣ. ಹಣೆಬರಹದ ಮಾತಿನಲ್ಲಿ ದುರುದ್ದೇಶವಿಲ್ಲ, ಮನೆಯ ಹುಡುಗಿ ಅಳುವುದನ್ನು ನೋಡಲಾಗದೆ ಹಿರಿಯರು ಆಡುವ ಮಾತು ಅದು. ಆದರೆ ಬೆಂಗಳೂರಿನ ಕಚೇರಿಯಿಂದ ಬಂದು, ರಾತ್ರಿ ಹನ್ನೊಂದರವರೆಗೆ ಕೂತು ಲೆಕ್ಕ ಬಿಡಿಸಿದವಳಿಗೆ ಅದು ಸಮಾಧಾನವೂ ಅಲ್ಲ, ವಿವರಣೆಯೂ ಅಲ್ಲ. ಬೇಸರವಾಗಿದ್ದರೆ ಬೇಸರಪಡಿ. ಬಯಸಿದ್ದು ಕೈತಪ್ಪಿದಾಗ ಒಂದೆರಡು ತಿಂಗಳು ಊಟ ರುಚಿಸದಿರುವುದು ಆರೋಗ್ಯವಂತರ ಲಕ್ಷಣ. ನನ್ನ ತಕರಾರು ನಿಮ್ಮ ಬೇಸರದ ಮೇಲಲ್ಲ; ‘ಯೋಗ್ಯಳಲ್ಲ’ ಎಂಬ ತೀರ್ಪನ್ನು ಯಾರೂ ಕೊಡದಿದ್ದರೂ ನೀವೇ ಬರೆದು, ನೀವೇ ಸಹಿ ಹಾಕಿಕೊಂಡಿದ್ದೀರಲ್ಲ, ಅದರ ಮೇಲೆ.

ನೀವು ವಾಣಿಜ್ಯ ಓದಿದವರು, ಲೆಕ್ಕದಲ್ಲೇ ಹೇಳುತ್ತೇನೆ. 2024ರ ಕ್ಯಾಟ್‌ಗೆ ಹಾಜರಾದವರು ಸುಮಾರು 2.93 ಲಕ್ಷ ಮಂದಿ. 99.1 ಎಂದರೆ ನಿಮಗಿಂತ ಮುಂದೆ ಇದ್ದವರು ಸುಮಾರು 2,600. ಹಿಂದೆ ಉಳಿದವರು 2.9 ಲಕ್ಷ. ಬೆಂಗಳೂರಿನ ಆ ಸಂಸ್ಥೆಯ ಎರಡು ವರ್ಷದ ಕೋರ್ಸಿಗೆ ಇರುವ ಜಾಗ ಕೆಲವು ನೂರು. ಆಯ್ಕೆಯ ಲೆಕ್ಕದಲ್ಲಿ ಕ್ಯಾಟ್ ಅಂಕದ ಜತೆಗೆ ಹತ್ತನೆಯ ತರಗತಿಯ ಅಂಕ, ಹನ್ನೆರಡನೆಯ ತರಗತಿಯ ಅಂಕ, ಪದವಿಯ ಅಂಕ, ಕೆಲಸದ ಅನುಭವ ಎಲ್ಲವೂ ಬರುತ್ತವೆ. ಅದಾದ ಮೇಲೆ ವೇಟಿಂಗ್ ಲಿಸ್ಟ್. ಅದು ಇಳಿಯುವುದು ಹೇಗೆಂದು ನಿಮಗೆ ಗೊತ್ತೇ ಇದೆ: ಅಹಮದಾಬಾದಿಗೂ ಬೆಂಗಳೂರಿಗೂ ಆಯ್ಕೆಯಾದ ಯಾರೋ ಒಬ್ಬರು ಅಹಮದಾಬಾದನ್ನು ಆರಿಸಿಕೊಂಡರೆ ಇಲ್ಲಿ ಒಂದು ಸ್ಥಾನ ಖಾಲಿಯಾಗುತ್ತದೆ. ಅವರ ಅಜ್ಜಿಮನೆ ಜಯನಗರದಲ್ಲಿದ್ದು ಇಲ್ಲೇ ಇರುತ್ತೇನೆ ಎಂದರೆ ಖಾಲಿಯಾಗುವುದಿಲ್ಲ. ನಿಮಗೆ ಸೀಟು ತಪ್ಪಿದ್ದು ನೀವು ಕಂಡೂ ಇಲ್ಲದ ಹತ್ತಾರು ಜನರ ಇಂಥ ತೀರ್ಮಾನಗಳಿಂದ. ಅದರಲ್ಲಿ ನಿಮ್ಮ ಯೋಗ್ಯತೆಯನ್ನು ಅಳೆದವರು ಯಾರು?

ಮತ್ತೊಮ್ಮೆ ಬರೆಯಬೇಕೆನ್ನುವವರ ಪಕ್ಷದಲ್ಲೂ ನ್ಯಾಯವಿದೆ, ಅದನ್ನು ಹೇಳದೆ ಹೋದರೆ ತಪ್ಪಾದೀತು. ಹಳೆಯ ಸಂಸ್ಥೆಗಳ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ; ಅಲ್ಲಿ ಓದಿದವರು ದೊಡ್ಡ ದೊಡ್ಡ ಹುದ್ದೆಗಳಲ್ಲಿ ಕೂತಿದ್ದು ತಮ್ಮವರನ್ನು ಕೈಹಿಡಿದು ಎತ್ತುತ್ತಾರೆ; ಎರಡನೆಯ ಸಲ ಚೆನ್ನಾಗಿ ಬರೆದವರೂ ಇದ್ದಾರೆ. ಒಪ್ಪಿದೆ. ಆದರೆ ಕ್ಯಾಟ್ ಅಂಕಕ್ಕೆ ಒಂದೇ ವರ್ಷದ ಆಯುಷ್ಯ, ಆದ್ದರಿಂದ ಮುಂದಿನ ಸಲ ನೀವು 99.1ರಿಂದ ಆರಂಭಿಸುವುದಿಲ್ಲ, ಸೊನ್ನೆಯಿಂದ ಆರಂಭಿಸುತ್ತೀರಿ. ಎಷ್ಟೇ ಓದಿದರೂ ನಿಮ್ಮ ಎಸ್ಸೆಸ್ಸೆಲ್ಸಿ ಅಂಕವಂತೂ ಬದಲಾಗುವುದಿಲ್ಲ.

ಆ ಎಸ್ಸೆಸ್ಸೆಲ್ಸಿ ಅಂಕದ ವಿಷಯಕ್ಕೆ ಬಂದರೆ ನನ್ನ ಕೈ ತಡೆಯುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, ಗಣಿತದ ಮೇಷ್ಟ್ರು ವರ್ಗವಾಗಿ ಹೋದ ವರ್ಷ, ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದು ಗಳಿಗೆಗೊಮ್ಮೆ ಸೊಪ್ಪು ಕೇಳುವ ಮನೆಯಲ್ಲಿ ಕೂತು ಓದಿದ ಮಗುವಿನ ಅಂಕವನ್ನೂ, ಮನೆಪಾಠಕ್ಕೆ ಕಾರಿನಲ್ಲಿ ಹೋಗಿ ಬಂದ ಮಗುವಿನ ಅಂಕವನ್ನೂ ಒಂದೇ ಕೋಷ್ಟಕದಲ್ಲಿಟ್ಟು, ಅವರು ಇಪ್ಪತ್ನಾಲ್ಕರ ಹರೆಯಕ್ಕೆ ಬಂದ ಮೇಲೂ ಆ ಕೋಷ್ಟಕವನ್ನು ಬಿಚ್ಚಿ ನೋಡುವುದನ್ನು ನ್ಯಾಯವೆನ್ನಲು ನನಗೆ ಮನಸ್ಸಾಗುವುದಿಲ್ಲ. ಕ್ಯಾಟ್ ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಮೂರು ವಿಭಾಗಗಳಲ್ಲಿ ಒಂದು ಇಂಗ್ಲಿಷ್ ಓದಿ ಗ್ರಹಿಸುವುದಕ್ಕೇ ಮೀಸಲು, ಅದಕ್ಕೆ 40 ನಿಮಿಷ. ಪಿಯುಸಿಗೆ ಬಂದ ಮೇಲೆ ಇಂಗ್ಲಿಷ್ ಮಾಧ್ಯಮ ಕಂಡವರು ಆ 40 ನಿಮಿಷದಲ್ಲಿ ನಗರದ ಮಕ್ಕಳ ಸಮಕ್ಕೆ ಓಡಿ 99 ದಾಟಿದ್ದಾರೆಂದರೆ ಆ ಸಂದರ್ಶಕರು ಎದ್ದು ನಿಂತು ಕೈಮುಗಿಯಬೇಕಿತ್ತು. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗವನ್ನು ಹೊತ್ತು ನಡೆಸುತ್ತಿರುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ಸಂಬಳಕ್ಕಾಗಿ ಧರಣಿ ಕೂರುವುದಕ್ಕೂ ಪಾಠ ಮಾಡುವುದಕ್ಕೂ ನಡುವೆ ಅವರು ನಿಮ್ಮಂಥವರನ್ನು ತಯಾರು ಮಾಡುತ್ತಾರೆ. ಆ ಉಪನ್ಯಾಸಕರ ಹೆಸರಿನಲ್ಲಿ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಹಾಕಿದ್ದನ್ನು ನಾನು ಕಂಡಿಲ್ಲ. ಕೋಚಿಂಗ್ ಕೇಂದ್ರಗಳ ಫ್ಲೆಕ್ಸ್‌ಗಳಿಗೆ ಮಾತ್ರ ಬರವಿಲ್ಲ.

ನಿಮ್ಮ ಮೊಬೈಲಿನ ಪರದೆಯ ಮೇಲೆ ಆ ಕ್ಯಾಂಪಸ್ಸಿನ ಕಲ್ಲಿನ ಮೊಗಸಾಲೆಯ ಚಿತ್ರ ಇನ್ನೂ ಇದೆ ಎಂದು ಬರೆದಿದ್ದೀರಿ. ತೆಗೆದುಹಾಕಿ. ಬಾಲಕೃಷ್ಣ ದೋಶಿ ಕಟ್ಟಿದ ಆ ಮೊಗಸಾಲೆಗಳು ಚೆಲುವಾಗಿವೆ, ಹಸಿರು ಬಳ್ಳಿ ಇಳಿಬಿದ್ದ ಬೂದುಗಲ್ಲು ಯಾರ ಮನಸ್ಸನ್ನಾದರೂ ಸೆಳೆಯುತ್ತದೆ, ಹಿಂದಿ ಸಿನಿಮಾದವರೂ ಅದಕ್ಕಾಗಿಯೇ ಅಲ್ಲಿಗೆ ಬಂದರು. ಆದರೆ ನೀವು ಓದಬೇಕೆಂದು ಹೊರಟದ್ದು ವ್ಯವಹಾರವನ್ನು, ಕಲ್ಲುಕಟ್ಟಡವನ್ನಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಕಥೆ ಹೇಳುತ್ತಾರೆ. ನಿಮಗೂ ಯಾರಾದರೂ ಹೇಳಿರಬೇಕು. 1950ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆತನನ್ನು ಸೇರಿಸಿಕೊಳ್ಳಲಿಲ್ಲ, ಕೊಲಂಬಿಯಾಕ್ಕೆ ಹೋದ, ಅಲ್ಲಿ ಬೆಂಜಮಿನ್ ಗ್ರಹಾಂ ಎಂಬ ಗುರು ಸಿಕ್ಕಿದರು, ಮುಂದಿನದು ಜಗತ್ತಿಗೇ ಗೊತ್ತು. ಕಥೆ ನಿಜ. ಆದರೆ ಆ ಹುಡುಗನ ತಂದೆ ಷೇರು ದಲ್ಲಾಳಿಯಾಗಿದ್ದರು, ಅಮೆರಿಕದ ಸಂಸತ್ತಿನ ಸದಸ್ಯರೂ ಆಗಿದ್ದರು ಎಂಬುದನ್ನು ಸಮಾಧಾನ ಹೇಳುವವರು ಸೇರಿಸುವುದಿಲ್ಲ. ಸೀಟು ತಪ್ಪಿದ ಎಲ್ಲರೂ ಕುಬೇರರಾಗುವುದಿಲ್ಲ. ಆ ಕಥೆಯಲ್ಲಿ ನನಗೆ ಇಷ್ಟವಾಗುವುದು ಒಂದೇ ಸಂಗತಿ: ಆತ ಕೊಲಂಬಿಯಾಕ್ಕೆ ಹೋದದ್ದು ಅದರ ಹೆಸರಿಗಲ್ಲ, ಓದಿ ಮೆಚ್ಚಿದ ಪುಸ್ತಕ ಬರೆದವರು ಅಲ್ಲಿ ಪಾಠ ಮಾಡುತ್ತಾರೆಂದು ತಿಳಿದು. ನೀವು ಸೇರಬಹುದಾದ ಆ ‘ಮಿಕ್ಕ’ ಸಂಸ್ಥೆಯಲ್ಲಿ ಪಾಠ ಮಾಡುವವರು ಯಾರು, ಏನು ಬರೆದಿದ್ದಾರೆ ಎಂದು ನೋಡಿದ್ದೀರಾ? ನಾಲ್ಕು ಪುಟದ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಇದು ನಿಮ್ಮ ಮೇಲೆ ನನ್ನ ಮೊದಲ ದೂರು.

ಬಫೆಟ್ ದೂರದವರು, ನಮ್ಮವರನ್ನೇ ತೆಗೆದುಕೊಳ್ಳಿ. 1946ರಲ್ಲಿ ನಿಮ್ಮದೇ ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್.ಆರ್. ನಾರಾಯಣ ಮೂರ್ತಿಯವರು ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಗೆದ್ದೂ, ಶಿಕ್ಷಕರಾಗಿದ್ದ ತಂದೆಗೆ ಖರ್ಚು ಭರಿಸಲಾಗದೆ ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜು ಸೇರಿದರು. ಮುಂದೆ ಸ್ನಾತಕೋತ್ತರ ಪದವಿಗೆ ಕಾನ್ಪುರ ಐಐಟಿಗೆ ಹೋದರು. ಅಲ್ಲಿಂದ ಅಹಮದಾಬಾದಿನ ಐಐಎಂಗೂ ಹೋದರು, ಆದರೆ ವಿದ್ಯಾರ್ಥಿಯಾಗಿ ಅಲ್ಲ, ಕಂಪ್ಯೂಟರ್ ವಿಭಾಗದ ನೌಕರರಾಗಿ.

ಇನ್ನೊಬ್ಬರ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ಅವರ ಕಥೆಯಲ್ಲಿ ದುಡ್ಡಿಲ್ಲ. 1961ರಲ್ಲಿ ಆರಂಭವಾದ ಅಹಮದಾಬಾದಿನ ಐಐಎಂಗೆ 1965ರಲ್ಲಿ ಮೊದಲ ಪೂರ್ಣಾವಧಿ ನಿರ್ದೇಶಕರಾಗಿ ಬಂದವರು ರವಿ ಮಥಾಯ್. ಸಂಸ್ಥೆ ದೇಶದಲ್ಲೇ ಹೆಸರಾಗಿದ್ದಾಗ, 1972ರಲ್ಲಿ, ಯಾರೂ ಕೇಳದಿದ್ದರೂ ಕುರ್ಚಿ ಬಿಟ್ಟು ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಉಳಿದರು. ಆಮೇಲೆ ರಾಜಸ್ಥಾನದ ಜವಾಜಾ ಎಂಬ ಬರಪೀಡಿತ ಸೀಮೆಗೆ ಹೋಗಿ, ಅಲ್ಲಿನ ಚರ್ಮದ ಕುಶಲಕರ್ಮಿಗಳ ಜತೆ, ನೇಕಾರರ ಜತೆ ಕೂತು, ಕಚ್ಚಾಮಾಲು ಕೊಳ್ಳುವುದರಿಂದ ಹಿಡಿದು ಬೆಲೆ ಕಟ್ಟಿ ಮಾರುವವರೆಗೆ ಅವರೇ ತಮ್ಮ ವ್ಯವಹಾರವನ್ನು ನಡೆಸಿಕೊಳ್ಳುವುದು ಹೇಗೆಂದು ವರ್ಷಗಟ್ಟಲೆ ದುಡಿದರು. ನೀವು ಯಾವ ಬಾಗಿಲಲ್ಲಿ ನಿಂತು ಅಳುತ್ತಿದ್ದೀರೋ ಅಂಥ ಬಾಗಿಲನ್ನು ಕಟ್ಟಿದವರೇ ಅದರಿಂದ ಹೊರಬಂದು ಹುಡುಕಿದ್ದು ನಿಮ್ಮ ತಂದೆಯಂಥವರನ್ನು.

ಅದೇಕೆ ಎಂದು ತಿಳಿಯಬೇಕಾದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಲ್ಲಬೇಕು. ನೀವು ಹುಟ್ಟಿನಿಂದ ನೋಡಿದ್ದೀರಿ, ಹಾಗಾಗಿ ನೋಡಿಲ್ಲ. ನೂಲು ಬಿಚ್ಚುವ ರೀಲರ್ ಒಬ್ಬರು ಹರಾಜಿಗಿಟ್ಟ ಗೂಡಿನ ಲಾಟಿನ ಮುಂದೆ ಬಗ್ಗುತ್ತಾರೆ. ರಾಶಿಯ ಮೇಲಿನದನ್ನು ಬಿಟ್ಟು ಅಡಿಯಿಂದ ಒಂದು ಹಿಡಿ ಗೂಡು ತೆಗೆಯುತ್ತಾರೆ. ಒಂದನ್ನು ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೋಶ ಸದ್ದು ಮಾಡುತ್ತದೆಯೇ ಎಂದು ಕೇಳುತ್ತಾರೆ, ಕಲೆ ಬಿದ್ದದ್ದು, ಜೋಡಿಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಎಣಿಸುತ್ತಾರೆ. ಅಷ್ಟರಲ್ಲಿ ಅವರ ತಲೆಯಲ್ಲಿ ರೆಂಡಿಟ್ಟಾ ಲೆಕ್ಕ ಮುಗಿದಿರುತ್ತದೆ. ಈ ಸೀಮೆಯಾಚೆಯ ಓದುಗರಿಗಾಗಿ ಹೇಳುವುದಾದರೆ, ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕೆಂಬುದೇ ರೆಂಡಿಟ್ಟಾ. ಗೂಡಿಗೆ ಕೆ.ಜಿ.ಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ರೆಂಡಿಟ್ಟಾ 7 ಎಂದು ಅಂದಾಜಿಸಿ ಕೊಂಡ ಲಾಟು 7.5ಕ್ಕೆ ನಿಂತರೆ ಒಂದು ಕೆ.ಜಿ. ನೂಲಿಗೆ 3,500 ಇದ್ದ ಗೂಡಿನ ಖರ್ಚು 3,750 ಆಗುತ್ತದೆ, ಆ 250 ರೂಪಾಯಿಯಲ್ಲಿ ಕೂಲಿಯೂ ಸೌದೆಯೂ ಲಾಭವೂ ಕೊಚ್ಚಿಹೋಗಬಹುದು. ಕೊಂಡ ಹಸಿ ಗೂಡನ್ನು ಬೆಲೆ ಏರಲೆಂದು ಹಾಗೆಯೇ ಇಟ್ಟುಕೊಳ್ಳುವಂತೆಯೂ ಇಲ್ಲ. ಪತಂಗ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಇತ್ತ ಬೆಲೆ ಒಪ್ಪದ ರೈತ ಲಾಟು ಕೊಡದೆ ಮತ್ತೊಂದು ಸುತ್ತಿನ ಹರಾಜಿಗೆ ಕಾಯಬಹುದು. ಇ-ಹರಾಜು ಬಂದು ಮೊಬೈಲಿನಲ್ಲೇ ಬೆಲೆ ಕೂಗುವಂತಾದ ಮೇಲೂ ಬಗ್ಗಿ ಹಿಡಿ ಗೂಡು ತೆಗೆಯುವುದು ನಿಂತಿಲ್ಲ. ಅನಿಶ್ಚಿತತೆಯಲ್ಲಿ ಬೆಲೆ ಕಟ್ಟುವುದು, ದುಡಿಯುವ ಬಂಡವಾಳ, ಕೆಡುವ ಸರಕಿನ ದಾಸ್ತಾನು ಎಂದು ಎರಡು ವರ್ಷ ಕಲಿಸುವ ಪಾಠಗಳಲ್ಲಿ ಅರ್ಧ ಇಲ್ಲಿ ಬೆಳಗಿನ ಕಾಫಿಗೆ ಮುಂಚೆ ನಡೆದುಹೋಗುತ್ತದೆ.

ಕೋಲಾರದ ಟೊಮೆಟೊ ಮಂಡಿಯಲ್ಲೂ ಇದೇ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದದ್ದನ್ನೂ ನಾವು ಕಂಡಿದ್ದೇವೆ. ಇದನ್ನು ಓದಿದವರು, ಬರೆದವರು ಎಷ್ಟು ಮಂದಿ? ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ಸಮಾರಂಭಕ್ಕೆ ನನ್ನನ್ನು ಕರೆದಿದ್ದರು, ಹೆಸರು ಬೇಡ. ಅಲ್ಲಿನ ವಿದ್ಯಾರ್ಥಿಗಳು ಅಮೆರಿಕದ ಕಾಫಿ ಕಂಪನಿಯೊಂದು ಎಲ್ಲಿ ಮಳಿಗೆ ತೆರೆಯಿತು, ಏಕೆ ಮುಚ್ಚಿತು ಎಂದು ಚಿತ್ರಪಟ ಹಾಕಿ ಸೊಗಸಾಗಿ ವಿವರಿಸಿದರು. ಮಂಡಿಯಲ್ಲಿ ಕಮಿಷನ್ ಎಷ್ಟು, ಅದನ್ನು ಕೊಡುವವರು ಯಾರು ಎಂದು ಕೇಳಿದೆ. ನಕ್ಕರು. ಪ್ರಾಂಶುಪಾಲರೂ ನಕ್ಕರು. ನಮ್ಮ ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟವೂ ಇದಕ್ಕಿಂತ ಬೇರೆಯಲ್ಲ. ಮುಂಬೈಯ ಸೂಚ್ಯಂಕ ಎಷ್ಟು ಅಂಶ ಬಿತ್ತು ಎಂಬ ಅನುವಾದ ದಿನವೂ ಇರುತ್ತದೆ. ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಏಕೆ ಹಾಗೆ ಏರಿಳಿಯುತ್ತದೆ ಎಂದು ಒಂದು ಪುಟ ಬರೆಯುವವರಿಲ್ಲ. ಬಲ್ಲವರಿಗೆ ಬರೆಯಲು ಬಿಡುವಿಲ್ಲ. ಬರೆಯಬಲ್ಲವರಿಗೆ ಅದು ವಿದ್ಯೆಯೆಂದೇ ಅನ್ನಿಸಿಲ್ಲ, ಏಕೆಂದರೆ ಅವರೂ ನಿಮ್ಮ ಹಾಗೆ ಮೊಬೈಲಿನಲ್ಲಿ ಕಲ್ಲಿನ ಮೊಗಸಾಲೆ ಇಟ್ಟುಕೊಂಡು ಬೆಳೆದವರು.

ಇಷ್ಟು ಓದಿ, ಹಾಗಾದರೆ ಓದು ಬಿಟ್ಟು ಅಪ್ಪನ ಘಟಕದಲ್ಲಿ ಕೂರಲೇ ಎಂದು ಕೇಳಬೇಡಿ. ಹೋಗಿ, ಸಿಕ್ಕಿರುವ ಸೀಟಿಗೆ ಸೇರಿಕೊಳ್ಳಿ. 2017ರ ಐಐಎಂ ಕಾಯ್ದೆ ಬಂದ ಮೇಲೆ ಹಳೆಯದು, ಹೊಸದು ಎಂಬ ಭೇದವಿಲ್ಲದೆ ಎಲ್ಲ ಐಐಎಂಗಳೂ ಒಂದೇ ಕಾನೂನಿನಡಿ ಎಂಬಿಎ ಪದವಿ ಕೊಡುತ್ತವೆ. ಬೆಂಗಳೂರಿನ ಪ್ರಾಧ್ಯಾಪಕರ ಪಾಠವೇ ಬೇಕೆಂದಿದ್ದರೆ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಕಲಿಕೆಯ ಜಾಲತಾಣದಲ್ಲಿ ಅವರ ಕೋರ್ಸುಗಳನ್ನು ಉಚಿತವಾಗಿ ಕೇಳಬಹುದು, ಅದಕ್ಕೆ ವೇಟಿಂಗ್ ಲಿಸ್ಟ್ ಇಲ್ಲ. ಸಾಲದ ಬಗ್ಗೆ ನಿಮ್ಮ ತಾಯಿಗಿರುವ ಭಯ ಸಕಾರಣವಾದದ್ದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿ ಅಡವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯಕ್ಕೂ ಅರ್ಜಿ ಹಾಕಬಹುದು. ಆದರೆ ಕಂತು ಕಟ್ಟುವುದು ಓದು ಮುಗಿದ ಮೇಲಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ, ಬ್ಯಾಂಕಿನವರು ಅದನ್ನು ಮೆಲ್ಲಗೆ ಹೇಳುತ್ತಾರೆ. ತಂದೆಯವರನ್ನು ಜತೆಗೆ ಕರೆದುಕೊಂಡು ಹೋಗಿ. ಗೂಡಿನ ರಾಶಿಯ ಮುಂದೆ ಮೋಸಹೋಗದವರು ಬ್ಯಾಂಕಿನ ಮೇಜಿನ ಮುಂದೆಯೂ ಸುಲಭವಾಗಿ ಮೋಸಹೋಗಲಾರರು.

ಹೊರಡುವ ಮೊದಲು ನನಗೊಂದು ಕೆಲಸ ಮಾಡಿಕೊಡಿ. ನಿಮ್ಮ ಮನೆಯ ಘಟಕದ ಒಂದು ತಿಂಗಳ ಲೆಕ್ಕವನ್ನು, ಗೂಡು ಕೊಂಡದ್ದರಿಂದ ನೂಲು ಮಾರಿ ಹಣ ಕೈಗೆ ಬರುವವರೆಗೆ, ನಷ್ಟವಾದ ಲಾಟುಗಳನ್ನೂ ಬಿಡದೆ, ಕನ್ನಡದಲ್ಲಿ ಬರೆದು ಕಳಿಸಿ. ಪತ್ರಿಕೆಯಲ್ಲಿ ಆರು ಪುಟ ಕೊಡುತ್ತೇನೆ. ಸಂಭಾವನೆಯನ್ನೂ ಕೊಡುತ್ತೇವೆ, ಸ್ವಲ್ಪ ತಡವಾಗುತ್ತದೆ.

— ಸಂಪಾದಕ