ಆ ರಾತ್ರಿ ಬಂದ್ ಇದ್ದ ಫೋನು

ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಎಂಎಸ್‌ಡಬ್ಲ್ಯೂ ಮುಗಿಸಿ, ಮಕ್ಕಳು ಮತ್ತು ಕುಟುಂಬಗಳ ನಡುವೆ ಕೆಲಸ ಮಾಡುವ ಗದಗಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಒಂಬತ್ತು ವರ್ಷಗಳಿಂದ ಕ್ಷೇತ್ರ ಕಾರ್ಯಕರ್ತೆಯಾಗಿದ್ದೇನೆ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳು ನನ್ನ ಪಾಲಿಗೆ ಬಂದಿವೆ. ಶಾಲೆ ಬಿಟ್ಟ ಮಕ್ಕಳು, ತಂದೆತಾಯಿ ಗೋವಾಕ್ಕೆ ಗುಳೆ ಹೋಗಿ ಅಜ್ಜಿಯ ಬಳಿ ಉಳಿದವರು, ಕುಡಿತದ ಮನೆಯವರು, ಎಲ್ಲರ ಬಳಿಯೂ ನನ್ನ ಸ್ವಂತ ನಂಬರ್ ಇದೆ. ಹಗಲು ಹಳ್ಳಿ, ಸಂಜೆ ವರದಿ, ರಾತ್ರಿ ಫೋನು. ಕಳೆದ ತಿಂಗಳು ಮಗನ ಹುಟ್ಟುಹಬ್ಬದ ರಾತ್ರಿ ನಮ್ಮ ಮನೆಯವರ ಒತ್ತಾಯಕ್ಕೆ ಫೋನ್ ಬಂದ್ ಮಾಡಿದೆ. ಬೆಳಿಗ್ಗೆ ಹಚ್ಚಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಸಲ ಕರೆ ಮಾಡಿದ ಸಂದೇಶವಿತ್ತು. ನಾನು ತಲುಪುವ ಹೊತ್ತಿಗೆ ಬೇರೆ ಊರಿನ ಗುಡಿಯಲ್ಲಿ ಆಕೆಯ ಮದುವೆ ಮುಗಿದಿತ್ತು. ಈಗ ಆಕೆ ಬಾಲಮಂದಿರದಲ್ಲಿದ್ದಾಳೆ. ಅವಳ ಮುಖ ನೋಡುವ ಧೈರ್ಯ ನನಗಿಲ್ಲ. ಅಂದಿನಿಂದ ಫೋನನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತೇನೆ, ನಿದ್ದೆ ಬರುವುದಿಲ್ಲ. 'ಮನಿ ಬೇಕೋ, ಕೆಲಸ ಬೇಕೋ, ಒಂದು ಹೇಳಿಬಿಡು' ಎಂದಿದ್ದಾರೆ ನಮ್ಮ ಮನೆಯವರು. ಕೆಲಸ ಬಿಡಲೇ?

ಉತ್ತರ: ತಂಗೀ, ನಿಮ್ಮ ಕೊನೆಯ ಪ್ರಶ್ನೆಗಿಂತ ಮೊದಲು ಆ ರಾತ್ರಿಯ ಮಾತನ್ನು ಆಡಬೇಕು, ಏಕೆಂದರೆ ನೀವು ಕೆಲಸ ಬಿಟ್ಟರೂ ಆ ನಾಲ್ಕು ಕರೆಗಳು ನಿಮ್ಮನ್ನು ಬಿಡುವುದಿಲ್ಲ.

ಮದುವೆಯೊಂದು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗಂಡು ನೋಡಿದವರು, ಮಾತುಕತೆಗೆ ಕುಳಿತ ಹಿರಿಯರು, ಮುಹೂರ್ತ ಇಟ್ಟವರು, ಜವಳಿ ತಂದವರು, ಅಡುಗೆಗೆ ಒಲೆ ಹೂಡಿದವರು, ಅಕ್ಷತೆ ಹಾಕಿ ಉಂಡು ಎದ್ದವರು, ಇಷ್ಟು ಜನರ ಕಣ್ಣೆದುರಿಗೇ ಆ ಹುಡುಗಿ ನಿನ್ನೆ ಮೊನ್ನೆಯವರೆಗೆ ಶಾಲೆಗೆ ಹೋಗಿ ಬರುತ್ತಿದ್ದಳು. ಅವರಲ್ಲಿ ಎಷ್ಟೋ ಜನರ ಕಿಸೆಯಲ್ಲಿ ಫೋನೂ ಇದ್ದಿರಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ದುಡ್ಡು ತಗಲುವುದಿಲ್ಲ, ಹಗಲು ರಾತ್ರಿಯೆಂಬ ಭೇದವೂ ಇಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯು ಇಂಥ ಮದುವೆಯನ್ನು ಮಾಡಿಸಿದವರಿಗೂ, ಕುಮ್ಮಕ್ಕು ಕೊಟ್ಟವರಿಗೂ, ತಡೆಯದೆ ಸುಮ್ಮನಿದ್ದ ಪೋಷಕರಿಗೂ ಎರಡು ವರ್ಷದವರೆಗಿನ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನು ಹೇಳುತ್ತದೆ. ಫೋನ್ ಆರಿಸಿ ಮಗನ ಪಕ್ಕದಲ್ಲಿ ಮಲಗಿದ ತಾಯಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಹಾಗೆಂದು ನಿಮ್ಮದೇನೂ ತಪ್ಪಿಲ್ಲವೆಂದು ಬೆನ್ನು ಸವರಿದರೆ ನೀವು ನಂಬುವುದಿಲ್ಲ, ಅದು ಪೂರ್ತಿ ನಿಜವೂ ಅಲ್ಲ. ಆದರೆ ತಪ್ಪು ಆ ರಾತ್ರಿಯದಲ್ಲ, ಅದಕ್ಕೂ ಬಹಳ ಹಿಂದಿನದು. ಕಷ್ಟ ಬಂದಾಗ ಆ ಹುಡುಗಿ ನಾಲ್ಕು ಸಲವೂ ಒಂದೇ ನಂಬರನ್ನು ಒತ್ತಿದಳು. ಬೇರೊಂದು ನಂಬರ್ ಅವಳಿಗೆ ಹೊಳೆಯಲಿಲ್ಲ, ಇಲ್ಲವೇ ಹೊಳೆದರೂ ಅದರ ಮೇಲೆ ನಂಬಿಕೆ ಬರಲಿಲ್ಲ. ನಿಮ್ಮ ನಂಬರನ್ನು ನೀವು ಮಮತೆಯಿಂದ ಕೊಟ್ಟಿರಿ. ಸಂಸ್ಥೆಯೂ ಅದನ್ನು ನೋಡಿ ಮೆಚ್ಚಿತೇ ಹೊರತು, ಒಂದು ಜೀವದ ಭಾರವನ್ನು ಒಬ್ಬರ ಫೋನಿಗೆ ಕಟ್ಟಿದ್ದೇವೆಂದು ಯಾರಿಗೂ ಅನ್ನಿಸಲಿಲ್ಲ. ಅಂದು ನಿಮಗೆ ಜ್ವರ ಬಂದಿದ್ದರೆ, ಇಲ್ಲವೇ ಕಡೆಯ ಬಸ್ಸು ತಪ್ಪಿ, ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಉಳಿದಿದ್ದರೆ ಇದೇ ಆಗುತ್ತಿತ್ತು. ಆದುದರಿಂದ ಫೋನನ್ನು ತಲೆದಿಂಬಿನ ಕೆಳಗಿಟ್ಟುಕೊಳ್ಳುವುದರಿಂದ ಮಕ್ಕಳಿಗೆ ಹೆಚ್ಚಿನ ರಕ್ಷಣೆ ಸಿಗುತ್ತಿಲ್ಲ. ನಿಮ್ಮ ನಿದ್ದೆ ಮಾತ್ರ ಹೋಗುತ್ತಿದೆ.

ಈ ವಾರ ಒಂದು ನೋಟ್‌ಬುಕ್ ತೆಗೆದುಕೊಂಡು, ಸದ್ಯ ನಿಮ್ಮ ಕೈಯಲ್ಲಿರುವ ಒಂದೊಂದು ಮಗುವಿನ ಎದುರಿಗೂ ನಿಮ್ಮನ್ನು ಬಿಟ್ಟು ಇನ್ನೊಬ್ಬರ ಹೆಸರನ್ನು ಬರೆಯಿರಿ. ಅದು ಅಂಗನವಾಡಿ ಕಾರ್ಯಕರ್ತೆ ಇರಬಹುದು, ಆಶಾ ಇರಬಹುದು, ಶಾಲೆಯ ಟೀಚರ್ ಇರಬಹುದು, ಧೈರ್ಯವುಳ್ಳ ಒಬ್ಬ ಸೋದರತ್ತೆಯೂ ಇರಬಹುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಪಿಡಿಒ ಬಾಲ್ಯವಿವಾಹ ನಿಷೇಧ ಅಧಿಕಾರಿಯೂ ಹೌದು. ಹಳ್ಳಿಯಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಗೊತ್ತಾದರೆ ಮುಹೂರ್ತ ಇಡುವವರ ಕೈ ಸ್ವಲ್ಪ ತಡೆಯುತ್ತದೆ. ಯಾವ ಮಗುವಿನ ಎದುರಿಗೆ ಹೆಸರು ಬರೆಯಲಾಗದೆ ಜಾಗ ಖಾಲಿ ಉಳಿಯುತ್ತದೆಯೋ ಆ ಮಗುವಿನ ಮನೆಗೆ ಮೊದಲು ಹೋಗಿ.

ಅಪರಿಚಿತ ದನಿಗೆ ಮಕ್ಕಳು ಕಷ್ಟ ಹೇಳಿಕೊಳ್ಳುವುದಿಲ್ಲವೆಂದು ನೀವು ಹೇಳಬಹುದು. ಅದು ಸರಿಯೇ. ಗೋಡೆಯ ಮೇಲೆ 1098 ಎಂದು ಬರೆದಿದ್ದರೆ ಸಾಲದು. ನೀವು ಪಕ್ಕದಲ್ಲಿ ಕುಳಿತು ಮಗುವಿನ ಕೈಯಿಂದಲೇ ಒಂದು ಸಲ ಆ ನಂಬರ್ ಒತ್ತಿಸಿ, ಆ ಕಡೆಯವರು ಹೇಗೆ ಮಾತನಾಡುತ್ತಾರೆ, ಊರಿನ ಹೆಸರನ್ನು ಹೇಗೆ ಹೇಳಬೇಕು ಎಂಬುದು ಅವಳ ಕಿವಿಗೆ ಬೀಳಲಿ. ಒಮ್ಮೆ ಮಾತನಾಡಿದ ನಂಬರಿನ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಪೊಲೀಸರ 112 ನಂಬರನ್ನೂ ಹೀಗೆಯೇ ಪರಿಚಯಿಸಿ. ಇಷ್ಟಾದ ಮೇಲೆ, ರಾತ್ರಿ ಒಂಬತ್ತರ ನಂತರ ನಿಮ್ಮ ಫೋನ್ ಬಂದ್ ಇರುತ್ತದೆಂದು ಪ್ರತಿ ಮನೆಗೂ ನೀವೇ ಹೋಗಿ ಹೇಳಿ. ಹೇಳದೆ ಆರಿಸಿದರೆ ಮತ್ತೆ ಅದೇ ಆಗುತ್ತದೆ. ರಾತ್ರಿಯ ಪಾಳಿಯನ್ನು ಸಹೋದ್ಯೋಗಿಗಳ ನಡುವೆ ಹಂಚಬೇಕೆಂದೂ, ಅದಕ್ಕೆ ಸಂಸ್ಥೆಯ ಫೋನ್ ಬೇಕೆಂದೂ ಲಿಖಿತವಾಗಿ ಕೇಳಿ. ಇಂಥ ಮದುವೆಗಳು ಹೆಚ್ಚು ನಡೆಯುವ ಅಕ್ಷಯ ತದಿಗೆಯ ಸುತ್ತಲಿನ ದಿನಗಳಲ್ಲಿ ಈ ನಿಯಮ ನಡೆಯುವುದಿಲ್ಲವೆಂದು ನನಗೂ ಗೊತ್ತು. ಆ ವಾರದ ವಿಷಯವನ್ನು ಮನೆಯಲ್ಲಿ ಮುಂಚೆಯೇ ಹೇಳಿಡಿ.

ಇನ್ನು ಮನೆಯವರ ಮಾತು. ಅವರು ಕಠಿಣವಾಗಿ ಕೇಳಿದ್ದಾರೆ, ಆದರೆ ಅನ್ಯಾಯವಾಗಿ ಕೇಳಿಲ್ಲ. ನಿಮ್ಮ ಕೆಲಸದಲ್ಲಿ ಮಗುವಿನ ಗುರುತನ್ನು ಹೊರಗೆ ಹೇಳುವಂತಿಲ್ಲ, ಕಾನೂನೇ ಹಾಗಿದೆ. ಆ ನಿಯಮವನ್ನು ಪಾಲಿಸುತ್ತಾ ಪಾಲಿಸುತ್ತಾ ಎಷ್ಟೋ ಕಾರ್ಯಕರ್ತೆಯರು ಮನೆಯಲ್ಲಿ ಏನನ್ನೂ ಹೇಳದವರಾಗುತ್ತಾರೆ, ಊಟದ ತಾಟಿನ ಎದುರು ಮೌನವಾಗಿ ಕುಳಿತ ಹೆಂಡತಿಯನ್ನು ಕಂಡ ಗಂಡ, ತನಗಿಂತ ಆ ಫೋನೇ ಹೆಚ್ಚಾಯಿತೆಂದು ತಿಳಿಯುತ್ತಾನೆ. ಹೆಸರು ಹೇಳಬೇಡಿ, ಊರು ಹೇಳಬೇಡಿ. ಆದರೆ ಆ ಬೆಳಿಗ್ಗೆ ಗುಡಿಯ ಮುಂದೆ ನಿಂತಾಗ ನಿಮ್ಮ ಕೈಕಾಲು ನಡುಗಿದ್ದು ನಿಮ್ಮದು, ಅದನ್ನು ಮುಚ್ಚಿಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ಫೋನ್ ಬಂದ್ ಮಾಡಲು ಒತ್ತಾಯಿಸಿದವರು ತಾವೇ ಎಂಬ ನೋವು ಅವರೊಳಗೂ ಇರಬಹುದು, ಆ ನೋವೇ ಸಿಟ್ಟಾಗಿ ಹೊರಬಂದಿರಬಹುದು. ಒಂದು ಸಂಜೆ ಮಗನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಇಬ್ಬರೂ ಕುಳಿತು ಮಾತನಾಡಿ.

ನಿದ್ದೆಯ ವಿಷಯವನ್ನು ಹಗುರವಾಗಿ ನೋಡಬೇಡಿ. 14416, ಅಂದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಅದು ಸಾಲದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ. ಧಾರವಾಡದ ಆಸ್ಪತ್ರೆ ಎಂದರೆ ನಮ್ಮ ಭಾಗದಲ್ಲಿ ಇಂದಿಗೂ ಜನ ಒಂದು ನಮೂನೆ ನೋಡುತ್ತಾರೆ. ನೀವು ಎಷ್ಟು ತಾಯಂದಿರ ಸಂಕೋಚ ಬಿಡಿಸಿ ಅಲ್ಲಿಗೆ ಕಳಿಸಿರಬಹುದು. ಅವರಿಗೆ ಹೇಳಿದ ಮಾತನ್ನೇ ನಿಮಗೂ ಹೇಳಿಕೊಳ್ಳಿ.

ಕೆಲಸ ಬಿಡುವ ತೀರ್ಮಾನವನ್ನು ನಿದ್ದೆಗೆಟ್ಟ ತಿಂಗಳಲ್ಲಿ ಮಾಡಬೇಡಿ. ಮೂರು ತಿಂಗಳು ಹೀಗೆ ನಡೆಸಿ ನೋಡಿ. ಸಂಸ್ಥೆಯು ರಾತ್ರಿಯ ಭಾರವನ್ನು ಹಂಚಲು ಒಪ್ಪದಿದ್ದರೆ ಬಿಡಬೇಕಾದದ್ದು ಆ ಸಂಸ್ಥೆಯನ್ನೇ ಹೊರತು ಈ ಕೆಲಸವನ್ನಲ್ಲ. ಒಂಬತ್ತು ವರ್ಷ ಹಳ್ಳಿ ತಿರುಗಿದವರು ಮಕ್ಕಳ ರಕ್ಷಣಾ ಘಟಕಕ್ಕೂ ಬೇಕು, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಕ್ಕೂ ಬೇಕು.

ಎಲ್ಲಕ್ಕಿಂತ ಮೊದಲು ಬಾಲಮಂದಿರಕ್ಕೆ ಹೋಗಿ. ಮದುವೆಯಾಯಿತು, ಇನ್ನು ಮುಗಿಯಿತು ಎಂದು ಆ ಹುಡುಗಿ ತಿಳಿದಿರಬಹುದು. ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯಂತೆ ಬಾಲ್ಯವಿವಾಹ ಮೂಲತಃ ಅಸಿಂಧು. ಅವಳು ಯಾರ ಹೆಂಡತಿಯೂ ಅಲ್ಲವೆಂಬುದನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವವರು ನೀವಾಗಬೇಕು. ಆ ರಾತ್ರಿ ಫೋನ್ ಬಂದ್ ಇತ್ತೆಂದು, ಅಂದು ಮಗನ ಹುಟ್ಟುಹಬ್ಬವಿತ್ತೆಂದು, ಮುಚ್ಚುಮರೆಯಿಲ್ಲದೆ ಹೇಳಿ. ಅವಳು ಸಿಟ್ಟಾದರೆ ಆಗಲಿ, ಅತ್ತರೆ ಅಳಲಿ, ಎದ್ದು ಬರಬೇಡಿ. ಅವಳ ಮಾತು ಮುಗಿದ ಮೇಲೆ, ಒಂಬತ್ತನೇ ತರಗತಿಯ ಯಾವ ಪುಸ್ತಕಗಳು ಮನೆಯಲ್ಲೇ ಉಳಿದಿವೆ ಎಂದು ಕೇಳಿ ಬರೆದುಕೊಳ್ಳಿ.