ಬರಾಸಿ ದೊಡ್ಡವರಾದದ್ದು ಆಟಗಾರನಾಗಿಯೋ ಕೋಚ್ ಆಗಿಯೋ?

ಆಸ್ಟ್ರೇಲಿಯನ್ ಫುಟ್‌ಬಾಲ್‌ನ ರಾನ್ ಬರಾಸಿ ಯಾವುದರಲ್ಲಿ ದೊಡ್ಡವರು, ಆಟದಲ್ಲೋ ಕೋಚಿಂಗ್‌ನಲ್ಲೋ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಕೋಚ್ ಆಗಿಯೇ. ಮೆಲ್ಬರ್ನ್ ಕ್ಲಬ್‌ಗೆ ಆಡಿ ಆರು ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ) ಗೆದ್ದಿದ್ದು ಸಣ್ಣ ಮಾತಲ್ಲ, ನಿಜ. ಆದರೆ 1970ರ ಗ್ರ್ಯಾಂಡ್ ಫೈನಲ್, ಅಂದರೆ ಆ ಪ್ರಶಸ್ತಿಯ ಅಂತಿಮ ಪಂದ್ಯ ನೋಡಿ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) 1,21,696 ಜನ. ಅರ್ಧ ಆಟಕ್ಕೆ ಎದುರಾಳಿ ಕಾಲಿಂಗ್‌ವುಡ್ 44 ಪಾಯಿಂಟ್ ಮುಂದೆ. ಆಗ ಕಾರ್ಲ್ಟನ್ ಕೋಚ್ ಬರಾಸಿ ತಮ್ಮ ಹುಡುಗರಿಗೆ ಹೇಳಿದ್ದು ಒಂದೇ: ಹ್ಯಾಂಡ್‌ಬಾಲ್ ಮಾಡಿ, ಮಾಡುತ್ತಲೇ ಇರಿ. ಈ ಆಟದಲ್ಲಿ ಚೆಂಡು ಎಸೆಯುವಂತಿಲ್ಲ. ಕೈಯಿಂದ ಕೊಡಬೇಕಾದರೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಗುದ್ದಿ ದಾಟಿಸಬೇಕು, ಅದೇ ಹ್ಯಾಂಡ್‌ಬಾಲ್. ಅಲ್ಲಿಯವರೆಗೆ ಹೆಚ್ಚಿನವರಿಗೆ ಅದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಾಗಿನ ದಾರಿ. ಬರಾಸಿ ಅದನ್ನೇ ದಾಳಿಯ ಅಸ್ತ್ರ ಮಾಡಿದರು. ಬೆಂಚಿನಿಂದ ಇಳಿಸಿದ ಟೆಡ್ ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ. ಕಾರ್ಲ್ಟನ್ 10 ಪಾಯಿಂಟ್‌ಗಳಿಂದ ಗೆದ್ದಿತು! ಎಷ್ಟು ಸಲ ನೆನೆದರೂ ಮೈ ಜುಮ್ಮೆನ್ನುತ್ತದೆ.

ಈ ಗುಣ ಎಲ್ಲಿಂದ ಬಂತು? ತಂದೆ 1941ರಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ, ಯುದ್ಧದಲ್ಲಿ ತೀರಿಕೊಂಡರು. ಹರೆಯದಲ್ಲಿ ಬರಾಸಿ ಇದ್ದದ್ದು ಮೆಲ್ಬರ್ನ್ ಕೋಚ್ ನಾರ್ಮ್ ಸ್ಮಿತ್ ಅವರ ಮನೆಯಲ್ಲಿ. ಕೋಚಿಂಗ್ ಮೈಗೂಡಿದ್ದು ಅಲ್ಲೇ ಅನ್ನುವುದು ನನ್ನ ನಂಬಿಕೆ. ಮುಂದೆ 1975ರಲ್ಲಿ ನಾರ್ತ್ ಮೆಲ್ಬರ್ನ್ ಕ್ಲಬ್‌ಗೆ ಕೋಚ್ ಆಗಿ ಅದರ ಮೊಟ್ಟಮೊದಲ ಪ್ರೀಮಿಯರ್‌ಶಿಪ್ ತಂದುಕೊಟ್ಟರು, 1977ರಲ್ಲಿ ಇನ್ನೊಂದು.